ಕೊಳವೆ ಬಾವಿಯ ಗೋಡೆಯನ್ನು ಓದುವ ಬಗೆ

ಸವದತ್ತಿಯ ಗುಡ್ಡಗಳನ್ನು ಏರಿದವರು ಅಲ್ಲಿಯ ಗಡಸು ಬಂಡೆಯ ಪದರಗಳನ್ನು ಕಂಡಿರಬಹುದು. ಭೂವಿಜ್ಞಾನಿಗಳು ಆ ಊರಿನ ಹೆಸರನ್ನೇ ಇಟ್ಟು ಅದನ್ನು ಸವದತ್ತಿ ಕ್ವಾರ್ಟ್‌ಸೈಟ್ ಎಂದು ಕರೆದಿದ್ದಾರೆ. ರಾಮದುರ್ಗ ಶಿಲಾರಚನೆ ಎಂಬುದರಲ್ಲಿ ಅದೂ ಒಂದು ಭಾಗ. ಇಂತಹ ಶಿಲೆಯಲ್ಲಿ ನೀರು ಹರಿಯುವುದು ಬಹುಮಟ್ಟಿಗೆ ಬಿರುಕುಗಳಲ್ಲಿ ಮಾತ್ರ. ಬೈಲಹೊಂಗಲ, ಕಿತ್ತೂರುಗಳ ಕಡೆಯ ಗಟ್ಟಿ ಶಿಲೆಗಳಿಗೂ, ಮೇಲಿನ ಶಿಥಿಲ ಭಾಗವೊಂದನ್ನು ಬಿಟ್ಟರೆ, ಇದೇ ಮಾತು ಸಲ್ಲುತ್ತದೆ. ಕೊಳವೆ ಬಾವಿ ಕೊರೆಯಿಸುವ ರೈತನ ಹಣವೆಲ್ಲ ಒಂದು ಬಿರುಕಿನ ಮೇಲೆ ನಿಂತಿದೆಯೆನ್ನಬೇಕು. ಕೊರೆಯುವಾಗ ಮೇಲೆ ಬರುವ ಕಲ್ಲುಪುಡಿಯು ಶಿಲೆ ಯಾವುದೆಂದು ಹೇಳೀತು. ಬಿರುಕು ಯಾವ ಕಡೆಗೆ ಇಳಿದಿದೆಯೆಂದು ಹೇಳಲಾರದು.

ಅದನ್ನರಿಯಲು ರಂಧ್ರದೊಳಕ್ಕೆ ಉಪಕರಣವನ್ನು ಇಳಿಬಿಡುತ್ತಾರೆ. ನೀರು ತಿಳಿಯಾಗಿದ್ದರೆ ಸುತ್ತಲೂ ನೋಡುವ ಕ್ಯಾಮರಾ ಸಾಕು. ಕದಡಿದ ನೀರಿಗೆ ಬೇರೊಂದು ಉಪಾಯವುಂಟು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಮೊಬಿಲ್ ತೈಲ ಕಂಪನಿಯ ಸಂಶೋಧಕರು ರೂಪಿಸಿದ ಈ ವಿಧಾನದಲ್ಲಿ, ತಿರುಗುವ ಸಾಧನವೊಂದು ಗೋಡೆಯತ್ತ ಶ್ರವಣಾತೀತ ಧ್ವನಿಯ ಮಿಡಿತಗಳನ್ನು ಕಳುಹಿಸಿ ಪ್ರತಿಧ್ವನಿಯನ್ನು ಅಳೆಯುತ್ತದೆ. ನುಣುಪಾದ ಗಟ್ಟಿ ಗೋಡೆಯ ಪ್ರತಿಧ್ವನಿ ಪ್ರಬಲ, ಬಿರುಕಿನದು ಕ್ಷೀಣ.

ಮುಂದಿನದು ಗಣಕದ ತಂತ್ರಾಂಶದ ಕೆಲಸ. ಅದು ದುಂಡನೆಯ ಗೋಡೆಯನ್ನು ಉತ್ತರ ದಿಕ್ಕಿನಲ್ಲಿ ಸೀಳಿ, ಸುರುಳಿ ಸುತ್ತಿದ ಚಾಪೆಯನ್ನು ಬಿಡಿಸಿದಂತೆ ಪರದೆಯ ಮೇಲೆ ಹರಡುತ್ತದೆ. ಎಡದಿಂದ ಬಲಕ್ಕೆ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ, ಮತ್ತೆ ಉತ್ತರ. ಮೇಲಿನಿಂದ ಕೆಳಕ್ಕೆ ಆಳ. ಆಗ ಓರೆಯಾದ ಬಿರುಕು ಅಲೆಯಾಗಿ ಕಾಣುತ್ತದೆ. ಸಂಶಯವಿದ್ದವರು ಮೇಣದ ಬತ್ತಿಗೆ ಕಾಗದ ಸುತ್ತಿ, ಓರೆಯಾಗಿ ಕತ್ತರಿಸಿ, ಕಾಗದವನ್ನು ಬಿಡಿಸಿ ನೋಡಲಿ. ತರಗತಿಯಲ್ಲಿ ಕಲಿಯುವ ಸೈನ್ ವಕ್ರವೇ ಅದರ ಅಂಚಿನಲ್ಲಿ ಮೂಡಿರುತ್ತದೆ.

ಅಲೆಯ ತಗ್ಗು ಯಾವ ದಿಕ್ಕಿನಲ್ಲಿದೆಯೋ ಬಿರುಕು ಆ ದಿಕ್ಕಿಗೆ ಇಳಿದಿದೆ. ಅಲೆಯ ಶಿಖರದಿಂದ ತಗ್ಗಿನವರೆಗಿನ ಎತ್ತರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಇಳಿಕೆಯ ಕೋನದ ಟ್ಯಾಂಜೆಂಟ್ ಸಿಕ್ಕುತ್ತದೆ. ವ್ಯಾಸ 165 ಮಿಲಿಮೀಟರ್, ಎತ್ತರವೂ 165 ಆದರೆ ಕೋನ 45 ಡಿಗ್ರಿ. ಎತ್ತರ 286 ಆದರೆ ಸುಮಾರು 60 ಡಿಗ್ರಿ. 60 ಮೀಟರ್ ಆಳದಲ್ಲಿ ಪೂರ್ವಕ್ಕೆ 45 ಡಿಗ್ರಿ ಇಳಿದ ಬಿರುಕು ನೇರವಾಗಿಯೇ ಮುಂದುವರಿದರೆ, ಮಟ್ಟವಾದ ಹೊಲದಲ್ಲಿ 20 ಮೀಟರ್ ಪೂರ್ವಕ್ಕೆ ಕೊರೆದವನಿಗೆ ಅದು 80 ಮೀಟರಿನಲ್ಲಿ ದೊರೆಯಬೇಕು. ಎರಡನೆಯ ಬಾವಿಯನ್ನು 70 ಮೀಟರಿಗೇ ನಿಲ್ಲಿಸಿದರೆ ಆ ನೀರು ಕೈಗೆಟುಕದು. ನೆಟ್ಟಗೆ ನಿಂತ ಬಿರುಕುಗಳು ಮಾತ್ರ ನೆಟ್ಟಗಿನ ರಂಧ್ರಕ್ಕೆ ಸಿಕ್ಕುವುದೇ ಅಪರೂಪ.

ಹೀಗೆ ಗುರುತಿಸಿದ ಪ್ರತಿಯೊಂದು ಬಿರುಕನ್ನೂ ಪಕ್ಕದ ಅಂಕಣದಲ್ಲಿ ಒಂದು ಚುಕ್ಕೆಯಿಂದಲೂ ಬಾಲದಿಂದಲೂ ತೋರಿಸುತ್ತಾರೆ. ಚುಕ್ಕೆಯ ಸ್ಥಾನ ಕೋನವನ್ನು, ಬಾಲ ದಿಕ್ಕನ್ನು ತಿಳಿಸುತ್ತದೆ. ನೋಡಲು ಗೊದಮೊಟ್ಟೆಯಂತಿರುವುದರಿಂದ ಅದಕ್ಕೆ ಆ ಹೆಸರೇ ಬಂದಿದೆ! ರಾಮದುರ್ಗದ ಬಳಿ ಬಹುಮಟ್ಟಿಗೆ ಸಮತಲವಾದ ಕ್ವಾರ್ಟ್‌ಸೈಟ್ ಪದರಗಳು ಕಡಿದಾಗಿ ನಿಂತ ಹಳೆಯ ಧಾರವಾಡ ಶಿಲೆಗಳ ಮೇಲೆ ಮಲಗಿವೆ. ಅಲ್ಲಿ ಕೊರೆದ ರಂಧ್ರದ ಚಿತ್ರವನ್ನು ತೆಗೆದರೆ, ಪದರಗಳ ತಗ್ಗಾದ ಅಲೆಗಳು ಒಮ್ಮೆಗೇ ಕಡಿದಾದ ಅಲೆಗಳಾಗಬೇಕು. ಆ ಒಂದು ಗೆರೆಯಲ್ಲಿ ಕೋಟ್ಯಂತರ ವರ್ಷಗಳ ಅಂತರ ಅಡಗಿದೆ.

ಪರದೆಯ ಮೇಲೆ ಎಳೆದ ಅಲೆಯು ನೋಡುವವನ ಅಭಿಪ್ರಾಯವೆಂಬುದನ್ನು ಮರೆಯಬಾರದು. ಆದಕಾರಣ ಮೂಲ ಚಿತ್ರವನ್ನು ತಿದ್ದದೆ, ಗೆರೆಗಳನ್ನು ಬೇರೆ ಅಂಕಣದಲ್ಲಿಯೇ ಇಡುವುದು ಲೇಸು. ಉಕ್ಕಿನ ಕೇಸಿಂಗ್ ಪೈಪಿನ ಸಮೀಪದಲ್ಲಿ ದಿಕ್ಸೂಚಿ ದಾರಿ ತಪ್ಪುವುದರಿಂದ, ಅಲ್ಲಿಯ ಬಿರುಕುಗಳಿಗೆ ಕೋನವನ್ನಷ್ಟೇ ಬರೆದು ದಿಕ್ಕಿನ ಸ್ಥಳವನ್ನು ಖಾಲಿ ಬಿಡುವುದುಂಟು.