ಕರೆಂಟು ಎಂಬ ಮಾತಿನ ಅರ್ಥ

1902ನೆಯ ಇಸವಿಯಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಬಂದ ತರುವಾಯ, ‘ಕರೆಂಟು’ ಎಂಬ ಮಾತು ಕ್ರಮೇಣ ಗ್ರಾಮಗಳಲ್ಲಿಯೂ ಬಳಕೆಗೆ ಬಂದಿತು. ಆದರೆ ಈ ಒಂದೇ ಮಾತನ್ನು ರೈತರು ಬೇರೆ ಬೇರೆ ಅರ್ಥಗಳಲ್ಲಿ ಆಡುವುದುಂಟು. ಇದರಿಂದ ಪಂಪುಸೆಟ್ಟಿನ ದೋಷವು ತಿಳಿಯದೆ, ಮೋಟಾರು ಸುಟ್ಟು, ನಿಂತ ಪೈರಿಗೆ ನೀರಿಲ್ಲದಂತಾಗುವುದು.

ಕರೆಂಟು ಎಂದರೆ ವಿದ್ಯುತ್ಪ್ರವಾಹ. ತೂಬಿನಲ್ಲಿ ಒಂದು ಸೆಕೆಂಡಿಗೆ ಎಷ್ಟು ನೀರು ಹಾಯುವುದೆಂದು ಅಳೆಯುವಂತೆ, ತಂತಿಯಲ್ಲಿ ಒಂದು ಸೆಕೆಂಡಿಗೆ ಎಷ್ಟು ವಿದ್ಯುತ್ತು ಹಾಯುವುದೆಂಬುದೇ ಪ್ರವಾಹದ ಅಳತೆ. ಇದರ ಮಾನಕ್ಕೆ ಫ್ರಾನ್ಸ್ ದೇಶದ ವಿಜ್ಞಾನಿ ಆಂಪಿಯರ್ (1775–1836) ಎಂಬವರ ಹೆಸರನ್ನಿಟ್ಟಿದೆ. ಈ ಪ್ರವಾಹವನ್ನು ನೂಕುವ ಒತ್ತಡವೇ ವೋಲ್ಟೇಜು. ಕೆಲಸ ನಡೆಯುವ ವೇಗವನ್ನು ವಾಟುಗಳಲ್ಲಿ ಹೇಳುವರು. 746 ವಾಟುಗಳು ಒಂದು ಅಶ್ವಶಕ್ತಿ. 1000 ವಾಟಿನಂತೆ ಒಂದು ಗಂಟೆ ಕೆಲಸವಾದರೆ ಒಂದು ಯೂನಿಟ್ಟು.

ಆದುದರಿಂದ ‘ಕರೆಂಟು ಕಡಮೆ ಬರುತ್ತಿದೆ’ ಎನ್ನುವಾಗ ಕಡಮೆಯಾಗಿರುವುದು ವೋಲ್ಟೇಜು. ‘ಕರೆಂಟು ಬಹಳ ಖರ್ಚಾಯಿತು’ ಎನ್ನುವಾಗ ಖರ್ಚಾದುದು ಯೂನಿಟ್ಟು. ಪ್ರವಾಹವು ಖರ್ಚಾಗತಕ್ಕ ವಸ್ತುವಲ್ಲ, ಹೋದಷ್ಟೂ ಹಿಂದಿರುಗುವುದು. ‘ಕರೆಂಟು ಹೊಡೆಯಿತು’ ಎಂಬಲ್ಲಿ ಮಾತ್ರ ಮಾತು ಯುಕ್ತವಾಗಿದೆ. ದೇಹದಲ್ಲಿ ಹರಿಯುವ ಪ್ರವಾಹವೇ ಪ್ರಾಣಾಪಾಯಕ್ಕೆ ಕಾರಣ. ಒಂದು ಆಂಪಿಯರಿನ ಹತ್ತನೆಯ ಒಂದು ಭಾಗವೂ ಇದಕ್ಕೆ ಸಾಕು.

ಈ ಭೇದವನ್ನು ತಿಳಿಯುವುದರ ಪ್ರಯೋಜನವೇನೆಂದರೆ, ವೋಲ್ಟೇಜು ಇಳಿದಾಗ ಪ್ರವಾಹವೂ ಇಳಿಯುವುದೆಂದು ಜನರು ಭಾವಿಸುವರು. ನಡೆಯುವುದು ಇದಕ್ಕೆ ವಿರುದ್ಧ. ನೀರೆತ್ತುವ ಭಾರವು ಇದ್ದಷ್ಟೇ ಇರುವುದರಿಂದ ಮೋಟಾರು ಹೆಚ್ಚು ಪ್ರವಾಹವನ್ನು ಎಳೆಯುವುದು. 415 ವೋಲ್ಟಿನಲ್ಲಿ ಸುಮಾರು 7 ಆಂಪಿಯರ್ ಎಳೆಯುವ 5 ಅಶ್ವಶಕ್ತಿಯ ಮೋಟಾರು, 330 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯಬಹುದು. ಶಾಖವಾದರೋ ಪ್ರವಾಹದ ವರ್ಗದಂತೆ ಏರತಕ್ಕದ್ದು: ಪ್ರವಾಹ ಒಂದೂವರೆಯಷ್ಟಾದರೆ ಶಾಖ ಎರಡೂಕಾಲಷ್ಟಾಗುವುದು. ಸುರುಳಿಯ ತಂತಿ ಸುಡುವುದು ಇದರಿಂದಲೇ.

ರೈತರು ಸ್ಟಾರ್ಟರಿನ ಬಳಿ ವೋಲ್ಟ್‌ಮೀಟರು, ಅಮ್ಮೀಟರುಗಳನ್ನು ಇಡಿಸಿ ದಿನವೂ ನೋಡತಕ್ಕದ್ದು. ಮೋಟಾರಿನ ತಗಡಿನ ಮೇಲೆ ಬರೆದಿರುವ ಆಂಪಿಯರನ್ನು ಪ್ರವಾಹವು ಮೀರಿದರೆ ಒಡನೆ ನಿಲ್ಲಿಸತಕ್ಕದ್ದು. ಮೂರು ಫೇಸುಗಳಲ್ಲಿ ಒಂದು ತಪ್ಪಿದಾಗ ಮೋಟಾರನ್ನು ನಡೆಯಿಸಕೂಡದು. ಫ್ಯೂಸು ಹೋದ ಕಡೆ ದಪ್ಪ ತಂತಿಯನ್ನು ಕಟ್ಟುವುದು ಕಾವಲುಗಾರನನ್ನು ಕಳುಹಿಸಿ ಬಾಗಿಲು ತೆರೆದಿಟ್ಟಂತೆ. ಗ್ರಾಮದ ಮುಖಂಡರು ಈ ವಿಷಯಗಳನ್ನು ತಮ್ಮ ರೈತರಿಗೆ ತಿಳಿಯಹೇಳಿದಲ್ಲಿ, ಮೋಟಾರಿನ ರಿಪೇರಿಯ ಹಣವೂ ಪೈರೂ ಉಳಿಯುವುವು. ಎಲ್ಲಕ್ಕಿಂತ ಮಿಗಿಲಾಗಿ ಪ್ರಾಣವು ಉಳಿಯುವುದು.