ಮಳೆಯಿಂದ ಮಳೆಯವರೆಗೆ: ಕಾಡಂಚಿನಲ್ಲಿ ಕಲಿಯುವ ಕಸುಬು

ಸೊಂಟದ ಕೊಕ್ಕೆಯಲ್ಲಿ ಕತ್ತಿ, ತಲೆಯ ಮೇಲೆ ಕಂಬಳಿಕೊಪ್ಪೆ, ಮಡಿಲಲ್ಲಿ ಬೆಂಕಿಪೊಟ್ಟಣ. ಸೊಪ್ಪಿಗೆ, ದರಗಿಗೆ, ದನ ಹುಡುಕಲಿಕ್ಕೆ ಹೊರಟ ಮಲೆನಾಡಿಗರಿಗೆ ಇಷ್ಟಿದ್ದರೆ ಸಾಕಿತ್ತು. ಉಳಿದದ್ದೆಲ್ಲ ಅವರ ಕಣ್ಣು, ಕೈಗಳಲ್ಲೇ ಇತ್ತು. ಇಂದು ಪೇಟೆಯಿಂದ ಬೆಟ್ಟಕ್ಕೆ ಬರುವವರಿಗೆ ಆ ಕಸುಬನ್ನು ಕಲಿಸುವವರು ಹತ್ತಿರದಲ್ಲಿಲ್ಲ. ಆದರೂ ಅದನ್ನು ಕಲಿಯಬಹುದು. ವಾರಕ್ಕೊಂದು ಬೆಟ್ಟ ಹತ್ತುವುದನ್ನು ಬಿಟ್ಟು ಒಂದೇ ಜಾಗಕ್ಕೆ ವರ್ಷವಿಡೀ ಹೋಗಿ. ಆಯಾ ಕಾಲ ಏನನ್ನು ಕಲಿಸುತ್ತದೋ ಅದನ್ನೇ ಆ ಕಾಲದಲ್ಲಿ ಕಲಿಯಿರಿ. ಮಲೆನಾಡಿನ ನಾಲ್ಕು ಕಾಲಕ್ಕೆ ಹೊಂದುವ ಪಾಠಗಳು ಇಲ್ಲಿವೆ.

ಹಂತ 1: ಜಾಗ ಗೊತ್ತುಮಾಡಿಕೊಳ್ಳಿ

ದಟ್ಟ ಕಾಡು ಬೇಡ. ನಿಮ್ಮದೋ ನೆಂಟರದೋ ತೋಟ, ಅದರ ಪಕ್ಕದ ಸೊಪ್ಪಿನ ಬೆಟ್ಟ ಅಥವಾ ಹಾಡಿ, ಒಂದು ಸಣ್ಣ ಹಳ್ಳ ಇದ್ದರೆ ಸಾಕು. ಜಾಗದ ಒಡೆಯರ ಒಪ್ಪಿಗೆ ಮೊದಲು ಪಡೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು, ಮರ ಕಡಿಯುವುದು ಅಪರಾಧ. ಹಾಗಾಗಿ ಬೆಂಕಿ ಮತ್ತು ಕತ್ತಿಯ ಪಾಠವೆಲ್ಲ ಖಾಸಗಿ ಜಮೀನಿನಲ್ಲೇ ನಡೆಯಬೇಕು. ಚಾರಣದ ದಾರಿಗಳಿಗೆ ಹೋಗುವ ಮುನ್ನ ಅರಣ್ಯ ಇಲಾಖೆಯ ಅನುಮತಿ, ಟಿಕೆಟ್ ವಿಚಾರಿಸಿಕೊಳ್ಳಿ. ಆನೆ ಓಡಾಡುವ ಸೀಮೆಯಾದರೆ ಮುಂಜಾವದಲ್ಲಿ, ಮುಸ್ಸಂಜೆಯಲ್ಲಿ ತಿರುಗಾಟ ಬೇಡ.

ಹಂತ 2: ಚೀಲಕ್ಕೆ ಇಷ್ಟು ಸಾಕು

• ಹರಿತವಾದ ಸಣ್ಣ ಚಾಕು ಅಥವಾ ಕತ್ತಿ
• 10 ಅಡಿಗೆ 12 ಅಡಿಯ ತಾಡಪಾಲು, ಸುಮಾರು 15 ಮೀಟರ್ ಹಗ್ಗ
• ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆಂಕಿಪೊಟ್ಟಣ ಮತ್ತು ಒಣ ತೆಂಗಿನ ನಾರು
• ನೀರಿನ ಬಾಟಲಿ, ನೀರು ಕುದಿಸಲು ಸ್ಟೀಲ್ ಪಾತ್ರೆ
• ಟಾರ್ಚ್, ಸೀಟಿ, ಗಾಯದ ಪಟ್ಟಿ
• ನೋಟ್‌ಬುಕ್ ಮತ್ತು ಪೆನ್ಸಿಲ್

ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಮನೆಯಲ್ಲಿ ಹೇಳಿಯೇ ಹೊರಡಿ. ಕಾಡಂಚಿನಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ.

ಹಂತ 3: ಕತ್ತಿ ಹಿಡಿಯಲು ಕಲಿಯಿರಿ

ಮೊಂಡು ಕತ್ತಿ ಜಾರುತ್ತದೆ, ಜಾರಿದ ಕತ್ತಿ ಗಾಯ ಮಾಡುತ್ತದೆ. ಆದ್ದರಿಂದ ಮಸೆಯುವುದೇ ಮೊದಲ ಪಾಠ. ಮಸೆಗಲ್ಲಿಗೆ ನೀರು ಹಾಕಿ, ಬಾಯಿಯ ಎರಡೂ ಮಗ್ಗುಲನ್ನು ಒಂದೇ ಓರೆಯಲ್ಲಿ ಸಮವಾಗಿ ಉಜ್ಜಿ. ಹೆರೆಯುವಾಗ ಅಲುಗು ಮೈಯಿಂದ ಆಚೆಗೆ ಹೋಗಬೇಕು. ತೊಡೆಯ ಮೇಲೆ ಕಟ್ಟಿಗೆ ಇಟ್ಟುಕೊಂಡು ಹೆರೆಯಬಾರದು. ಬೀಸುವ ಮುಂಚೆ ತೋಳು ಚಾಚಿ ಒಂದು ಸುತ್ತು ತಿರುಗಿ, ಕೈಗೆಟುಕುವಷ್ಟರಲ್ಲಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಹಸಿಮರ ಮುಟ್ಟಬೇಡಿ, ಬಿದ್ದ ಕೊಂಬೆಯೇ ಕಲಿಕೆಗೆ ಸಾಕು. ಕಾಡುಗೇರಿನ ಸೊನೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಆ ಮರವನ್ನು ಊರಿನವರಿಂದ ಕೇಳಿ ಗುರುತಿಟ್ಟುಕೊಳ್ಳಿ. ಅದರ ಕಟ್ಟಿಗೆ ಕಡಿಯಬೇಡಿ, ಸುಡಬೇಡಿ.

ಹಂತ 4: ಮಳೆಗಾಲದ ಪಾಠ – ಸೂರು ಮತ್ತು ಬೆಂಕಿ

ಜೂನ್ ಮೊದಲಿನಲ್ಲಿ ಮೃಗಶಿರ, ಆಮೇಲೆ ಆರಿದ್ರ, ಪುನರ್ವಸು, ಪುಷ್ಯ. ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ನೋಟ್‌ಬುಕ್‌ನಲ್ಲಿ ಈ ಲೆಕ್ಕದಲ್ಲೇ ಬರೆದಿಡಿ, ಊರಿನ ಹಿರಿಯರ ಜೊತೆ ಮಾತು ತಾನಾಗಿ ಹುಟ್ಟುತ್ತದೆ.

ಸೂರು ಕಟ್ಟುವ ಮೊದಲು ತಲೆಯೆತ್ತಿ ನೋಡಿ. ಒಣಗಿದ ಕೊಂಬೆಯ ಕೆಳಗೆ ಕೂರುವಂತಿಲ್ಲ. ನೀರು ಹರಿದ ಗುರುತಿರುವ ತಗ್ಗೂ ಬೇಡ. ಎರಡು ಮರಗಳ ನಡುವೆ ಎದೆಯೆತ್ತರಕ್ಕೆ ಹಗ್ಗ ಬಿಗಿದು ತಾಡಪಾಲು ಹೊದಿಸಿ. ಮುಂಗಾರಿನ ಗಾಳಿ ನೈಋತ್ಯ–ಪಶ್ಚಿಮದಿಂದ ಬೀಸುವುದರಿಂದ ಆ ಮಗ್ಗುಲನ್ನು ನೆಲಕ್ಕೆ ತಗ್ಗಿಸಿ ಗೂಟ ಹೊಡೆಯಿರಿ. ಹಗ್ಗದುದ್ದಕ್ಕೂ ಹರಿದು ಬರುವ ನೀರು ಒಳಗೆ ಸೋರದಂತೆ, ತಾಡಪಾಲಿಗಿಂತ ಒಂದು ಗೇಣು ಆಚೆ ಹಗ್ಗಕ್ಕೆ ಬಟ್ಟೆಯ ಚೂರು ಕಟ್ಟಿ. ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಬೆಂಕಿಯ ಕಸುಬನ್ನು ಮಳೆಯಲ್ಲೇ ಕಲಿಯಬೇಕು. ಸುತ್ತಲಿಗೆ ಹಬ್ಬುವ ಭಯ ಕಡಿಮೆ. ಮಳೆಯಲ್ಲಿ ಹೊತ್ತಿಸಬಲ್ಲವರಿಗೆ ಎಲ್ಲಿಯೂ ಹೊತ್ತಿಸಲು ಬರುತ್ತದೆ. ಮೂರು ಕಲ್ಲಿನ ಒಲೆ ಹೂಡಿ, ಒದ್ದೆ ನೆಲದ ಮೇಲೆ ಅಡಿಕೆ ಹಾಳೆ ಹಾಸಿ. ಹೊರಮೈ ನೆನೆದ ಕಟ್ಟಿಗೆಯೂ ಒಳಗೆ ಒಣಗಿರುತ್ತದೆ. ಸತ್ತ ಕೊಂಬೆಯನ್ನು ನಾಲ್ಕಾಗಿ ಸೀಳಿ, ಒಳಮೈಯನ್ನು ಚಾಕುವಿನಿಂದ ತೆಳ್ಳಗೆ, ಸುರುಳಿ ಉದುರದಂತೆ ಹೆರೆಯಿರಿ. ನಾರು, ಹೆರೆದ ಸುರುಳಿ, ಬೆಂಕಿಕಡ್ಡಿ ದಪ್ಪದ ಪುರಲೆ, ಆಮೇಲೆ ಬೆರಳ ಗಾತ್ರದ ಸೌದೆ. ಎಲ್ಲವನ್ನೂ ಕೈಗೆಟುಕುವಂತೆ ಜೋಡಿಸಿಟ್ಟ ಮೇಲೆಯೇ ಕಡ್ಡಿ ಗೀರಿ. ನಡುವೆ ಗಾಳಿಯಾಡಲು ಜಾಗವಿರಲಿ. ಏಳುವಾಗ ನೀರು ಹೊಯ್ದು, ಕಲಕಿ, ಬೂದಿಗೆ ಕೈ ಇಟ್ಟರೆ ತಣ್ಣಗಿರಬೇಕು.

ಇಂಬಳಕ್ಕೆ ಹೆದರಿ ಮನೆಯಲ್ಲಿ ಕೂರಬೇಡಿ. ಪ್ಯಾಂಟಿನ ತುದಿಯನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ, ಅದರ ಮೇಲೆ ಸುಣ್ಣ ಬೆರೆಸಿದ ಹೊಗೆಸೊಪ್ಪು ಸವರಿ. ಕಚ್ಚಿದ್ದರೆ ಬಾಯಿಯ ಬುಡಕ್ಕೆ ಉಗುರು ಕೊಟ್ಟು ಬಿಡಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಸ್ವಲ್ಪ ಹೊತ್ತು ಸೋರುತ್ತದೆ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಕಾಲಿನಲ್ಲಿ ಗಾಯವಿದ್ದಾಗ ನಿಂತ ನೀರಿಗೆ ಇಳಿಯಬೇಡಿ, ಇಲಿಜ್ವರ ಬರುವುದು ಹಾಗೆಯೇ.

ಹಂತ 5: ಮಳೆ ಬಿಟ್ಟ ಮೇಲೆ – ನಾರು ಮತ್ತು ಹೆಜ್ಜೆ

ಅಕ್ಟೋಬರ್, ನವೆಂಬರ್‌ನಲ್ಲಿ ಹಗ್ಗ ಹೊಸೆಯಿರಿ. ಒಣಗಿದ ಬಾಳೆಪಟ್ಟೆಯನ್ನು ನೀರಿನಲ್ಲಿ ನೆನೆಸಿ ಎಳೆಯಾಗಿ ಸೀಳಿ. ಒಂದು ಎಳೆಯನ್ನು ಒಂದು ಬದಿ ತುಸು ಉದ್ದವಾಗುವಂತೆ ಮಡಚಿ, ಮಡಿಕೆಯನ್ನು ಎಡಗೈಯಲ್ಲಿ ಹಿಡಿಯಿರಿ. ಆಚೆಯ ಎಳೆಯನ್ನು ನಿಮ್ಮಿಂದ ಆಚೆಗೆ ತಿರುಚಿ, ಈಚೆಯ ಎಳೆಯ ಮೇಲೆ ಹಾಯಿಸಿ ನಿಮ್ಮ ಕಡೆಗೆ ತನ್ನಿ. ಈಗ ಆಚೆ ಬಂದ ಎಳೆಗೂ ಹೀಗೆಯೇ ಮಾಡಿ. ತಿರುಚುವ ದಿಕ್ಕು ಒಂದು, ಹೆಣೆಯುವ ದಿಕ್ಕು ಇನ್ನೊಂದು. ಹಗ್ಗ ಬಿಚ್ಚಿಕೊಳ್ಳದಿರುವುದು ಇದರಿಂದಲೇ. ಎಳೆ ಸಣ್ಣಗಾಗುವ ಮುಂಚೆ ಹೊಸ ನಾರು ಸೇರಿಸಿ; ಎರಡೂ ಎಳೆಗಳ ಜೋಡಣೆ ಒಂದೇ ಕಡೆ ಬಾರದಿರಲಿ.

ಇದೇ ತಿಂಗಳಲ್ಲಿ ಹಳ್ಳದಂಚಿನ ಕೆಸರು ಹೆಜ್ಜೆ ಓದಲು ಹದವಾಗಿರುತ್ತದೆ. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತಿರುತ್ತದೆ. ಬೆಕ್ಕಿನ ಜಾತಿಯವು ಉಗುರು ಒಳಗೆಳೆದು ನಡೆಯುವುದರಿಂದ ದುಂಡನೆಯ ಹೆಜ್ಜೆಯಷ್ಟೇ ಕಾಣುತ್ತದೆ. ಅಳತೆಗೆ ಪೆನ್ಸಿಲ್ ಪಕ್ಕದಲ್ಲಿಟ್ಟು ಚಿತ್ರ ಬರೆದುಕೊಳ್ಳಿ. ಹಸಿ ಆನೆಲದ್ದಿ ಕಂಡರೆ ಆ ದಿನದ ಪಾಠ ಮುಗಿಯಿತು, ಬಂದ ದಾರಿಯಲ್ಲೇ ಮರಳಿ.

ಹಂತ 6: ಚಳಿಗಾಲದ ಪಾಠ – ಚುಕ್ಕಿ ಮತ್ತು ಉಣ್ಣಿ

ದಿಕ್ಕಿಗೆ ಧ್ರುವನಕ್ಷತ್ರ ನೋಡಿ ಎನ್ನುತ್ತಾರೆ. ಮಲೆನಾಡಿನಲ್ಲಿ ಅದು ದಿಗಂತದಿಂದ ಬರೀ 13–14 ಡಿಗ್ರಿ ಎತ್ತರದಲ್ಲಿರುತ್ತದೆ. ಎದುರಿಗೊಂದು ಗುಡ್ಡವಿದ್ದರೆ ಮರೆಯಾಯಿತು. ನಮಗೆ ಮಹಾವ್ಯಾಧ (ಒರೈಯನ್) ನಕ್ಷತ್ರಪುಂಜದ ಸೊಂಟದ ಮೂರು ಚುಕ್ಕಿಗಳೇ ಅನುಕೂಲ. ಅವು ಹುಟ್ಟುವುದು ಹೆಚ್ಚುಕಡಿಮೆ ನೇರ ಪೂರ್ವದಲ್ಲಿ, ಮುಳುಗುವುದು ನೇರ ಪಶ್ಚಿಮದಲ್ಲಿ. ಡಿಸೆಂಬರ್‌ನಲ್ಲಿ ಕತ್ತಲಾದ ಸ್ವಲ್ಪ ಹೊತ್ತಿಗೆ ಮೂಡುವುದನ್ನು ಅಂಗಳದಿಂದಲೇ ಕಾಣಬಹುದು.

ಹೊರಗೆ ಮಲಗುವ ಆಸೆಯಿದ್ದರೆ ಮನೆಯಂಗಳದಲ್ಲಿ ಶುರುಮಾಡಿ. ಮೇಲಿನ ಹೊದಿಕೆಗಿಂತ ಕೆಳಗಿನ ಹಾಸು ಮುಖ್ಯ, ಏಕೆಂದರೆ ಮೈಯ ಬಿಸಿಯನ್ನು ನೆಲ ಎಳೆದುಕೊಳ್ಳುತ್ತದೆ. ಭತ್ತದ ಹುಲ್ಲು ದಪ್ಪಗೆ ಹಾಸಿ, ಮೇಲೆ ಚಾಪೆ ಹಾಕಿ. ಕಾಡಿನ ದರಗು ಮಾತ್ರ ಬೇಡ, ಅದರಲ್ಲಿ ಉಣ್ಣಿ ಇರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನಕಾಯಿಲೆ ಹರಡುವುದು ಉಣ್ಣಿಯ ಕಡಿತದಿಂದ. ಅದರ ಹಾವಳಿ ಡಿಸೆಂಬರ್‌ನಿಂದ ಮೇ ತನಕ ಹೆಚ್ಚು. ಪೂರ್ತಿ ಮೈ ಮುಚ್ಚುವ ಬಟ್ಟೆ ತೊಡಿ, ಉಣ್ಣಿ ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನೂ ಹೇಳಿ.

ಹಂತ 7: ಬೇಸಿಗೆಯ ಪಾಠ – ಮರ ಮತ್ತು ನೆರಳು

ಫೆಬ್ರವರಿಯಿಂದ ಮಳೆ ಹಿಡಿಯುವ ತನಕ ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಒಂದು ಕಿಡಿ ಇಡೀ ಗುಡ್ಡವನ್ನು ಸುಡಬಲ್ಲದು.

ಎಲೆ ಉದುರಿದ ಈ ಕಾಲದಲ್ಲಿ ಮರಗಳನ್ನು ತೊಗಟೆಯಿಂದ ಗುರುತಿಸಲು ಕಲಿಯಿರಿ. ಮೊಸಳೆಯ ಬೆನ್ನಿನ ಹಾಗೆ ಒಡೆದಿದ್ದರೆ ಮತ್ತಿ, ನುಣುಪಾಗಿ ಬಿಳಿಚಿಕೊಂಡಿದ್ದರೆ ನಂದಿ, ಗಾಯದಿಂದ ಕೆಂಪು ಅಂಟು ಒಸರಿದ್ದರೆ ಹೊನ್ನೆ. ಬೂರುಗ, ಮುತ್ತುಗ ಹೂಬಿಟ್ಟಾಗ ಕೆಳಗೆ ಅರ್ಧ ಗಂಟೆ ಸುಮ್ಮನೆ ಕುಳಿತರೆ ಹಕ್ಕಿಗಳೇ ನಿಮ್ಮ ಬಳಿ ಬರುತ್ತವೆ.

ಹಗಲಿನಲ್ಲಿ ದಿಕ್ಕಿಗೆ ಕೋಲು ನೆಡಿ. ನೆರಳಿನ ತುದಿಗೊಂದು ಕಲ್ಲಿಟ್ಟು, ಇಪ್ಪತ್ತು ನಿಮಿಷ ಬಿಟ್ಟು ಹೊಸ ತುದಿಗೆ ಇನ್ನೊಂದಿಡಿ. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ನಡುಹಗಲಿನ ನೆರಳು ಸದಾ ಉತ್ತರಕ್ಕೆ ಎಂದು ಮಾತ್ರ ನಂಬಬೇಡಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುವುದರಿಂದ ನೆರಳು ದಕ್ಷಿಣಕ್ಕೆ ಬೀಳುತ್ತದೆ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿದೊಡನೆ ಗುಡ್ಡದ ನೆತ್ತಿಯಿಂದ ಇಳಿಯಿರಿ, ಒಂಟಿಮರದ ಕೆಳಗೆ ನಿಲ್ಲಬೇಡಿ. ಮೊದಲ ಮಳೆಗಳ ಹೊತ್ತಿಗೆ ರಾತ್ರಿ ಟಾರ್ಚ್ ಆರಿಸಿ ತೋಟದಂಚಿನಲ್ಲಿ ನಿಂತರೆ ಮಿಂಚುಹುಳುಗಳು ಕಾಣುತ್ತವೆ.

ಹಂತ 8: ಎಲ್ಲ ಕಾಲಕ್ಕೂ – ನೀರು, ಹಣ್ಣು, ಹಾವು

ಹಳ್ಳದ ನೀರು ಎಷ್ಟೇ ತಿಳಿಯಾಗಿರಲಿ, ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿಯೇ ಕುಡಿಯಿರಿ. ಬೆಂಕಿ ಹಾಕಬಾರದ ದಿನಗಳಲ್ಲಿ ಮನೆಯ ನೀರು ಒಯ್ಯಿರಿ. ಬೇಸಿಗೆಯಲ್ಲಿ ಕೌಳಿ, ಮುರುಗಲು, ಚಳಿಗಾಲದಲ್ಲಿ ನೆಲ್ಲಿ: ಊರಿನವರು ತೋರಿಸಿ, ತಿಂದು, ಕೊಟ್ಟದ್ದನ್ನಷ್ಟೇ ತಿನ್ನಿ. ಅಣಬೆಯನ್ನು ಚಿತ್ರ ನೋಡಿ ಗುರುತಿಸಿ ತಿನ್ನುವುದು ಪ್ರಾಣಕ್ಕೆ ಎರವು.

ಕಾಲಿಡುವ ಕಡೆ ಕಣ್ಣಿರಲಿ. ಕಾಣದ ಪೊಟರೆಗೆ, ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಅಂಗ ಅಲುಗದಂತೆ ಇಟ್ಟು, 108ಕ್ಕೆ ಕರೆಮಾಡಿ, ಪ್ರತಿವಿಷವಿರುವ ಆಸ್ಪತ್ರೆಗೆ ಸೇರಿಸಿ.

ಈ ಪಾಠಗಳನ್ನೆಲ್ಲ ಒಂದೇ ವರ್ಷದಲ್ಲಿ ಮುಗಿಸಲೇಬೇಕೆಂದಿಲ್ಲ. ಆದರೆ ಜಾಗ ಬದಲಿಸಬೇಡಿ. ಒಂದು ಹಳ್ಳ, ಒಂದು ಬೆಟ್ಟವನ್ನು ನಾಲ್ಕೂ ಕಾಲ ಕಂಡವರು ಅದನ್ನು ಹಾಳಾಗಲು ಬಿಡುವುದಿಲ್ಲ. ಇಂದೇ ಜಾಗ ಆರಿಸಿಕೊಳ್ಳಿ, ಈಗ ಯಾವ ಕಾಲವೋ ಆ ಹಂತದಿಂದಲೇ ಶುರುಮಾಡಿ, ಮನೆಯ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.