ಮನೆಯ ತೆರೆಯ ಮೇಲೆ ಕತ್ತಲೆ

ಭಯಾನಕ ಚಲನಚಿತ್ರಗಳಲ್ಲಿ ಒಂದು ವಿಶಿಷ್ಟ ಬಗೆಯುಂಟು. ಅವುಗಳಲ್ಲಿ ಭೂತ ಪಿಶಾಚಿಗಳಿಗೆ ಸ್ಥಾನವಿಲ್ಲ. ಬಾಗಿಲು ಹಾಕಿಕೊಂಡು ನಿಶ್ಚಿಂತೆಯಿಂದಿರುವವರ ಮನೆಯೊಳಕ್ಕೆ ದುಷ್ಟರು ನುಗ್ಗುವರು, ಅಷ್ಟೆ. ಇಂತಹ ಚಿತ್ರವನ್ನು ನಾವು ನಮ್ಮ ಮನೆಯಲ್ಲಿಯೇ ಕುಳಿತು ನೋಡಿದರೆ ಭಯವು ಇಮ್ಮಡಿಯಾಗಬೇಕೆಂದು ತೋರುವುದು. ಬಹುಮಟ್ಟಿಗೆ ಹಾಗಾಗುವುದಿಲ್ಲ. ಏಕೆಂಬುದನ್ನು ತಿಳಿಯಲು ಬೆಳಕು ಮತ್ತು ಶಬ್ದಗಳ ಭೌತಶಾಸ್ತ್ರವನ್ನು ಕೊಂಚ ಕೆದಕಬೇಕು.

1967ರಲ್ಲಿ ತೆರೆಕಂಡ ‘ವೇಟ್ ಅನ್‌ಟಿಲ್ ಡಾರ್ಕ್’ ಎಂಬ ಅಮೆರಿಕದ ಚಿತ್ರವನ್ನೇ ತೆಗೆದುಕೊಳ್ಳೋಣ. ಫ್ರೆಡರಿಕ್ ನಾಟ್ ಅವರ ನಾಟಕವನ್ನು ಆಧರಿಸಿದ ಇದನ್ನು ನಿರ್ದೇಶಿಸಿದವರು ಟೆರೆನ್ಸ್ ಯಂಗ್. ನಾಯಕಿ ಸೂಸಿಗೆ ಕಣ್ಣು ಕಾಣದು. ಆ ಪಾತ್ರವನ್ನು ಆಡ್ರೆ ಹೆಪ್‌ಬರ್ನ್ ವಹಿಸಿದರು. ಹೆರಾಯಿನ್ ತುಂಬಿದ ಗೊಂಬೆಯೊಂದು ನ್ಯೂಯಾರ್ಕಿನ ಅವಳ ಮನೆಯಲ್ಲಿದೆಯೆಂದು ನಂಬಿ ಮೂವರು ಪಾತಕಿಗಳು ಬರುವರು. ಕೊನೆಗೆ ಸೂಸಿ ಮನೆಯ ಬಲ್ಬುಗಳನ್ನೆಲ್ಲ ಒಡೆದುಹಾಕುವಳು. ಕತ್ತಲೆಯಲ್ಲಿ ಕಣ್ಣುಳ್ಳವನೂ ಕುರುಡನೇ ಅಲ್ಲವೆ? ಆದರೆ ಒಂದು ದೀಪವನ್ನು ಅವಳು ಮರೆತಿರುವಳು: ರೆಫ್ರಿಜರೇಟರಿನ ಬಾಗಿಲು ತೆರೆದೊಡನೆ ಹೊತ್ತಿಕೊಳ್ಳುವ ದೀಪ. ಮುಂದಿನ ಕಥೆಯನ್ನು ಹೇಳಿ ರಸಭಂಗ ಮಾಡುವುದು ನಮಗಿಷ್ಟವಿಲ್ಲ.

ಚಿತ್ರವು ಬಿಡುಗಡೆಯಾದಾಗ, ಕೊನೆಯ 8 ನಿಮಿಷಗಳಲ್ಲಿ ಚಿತ್ರಮಂದಿರದ ದೀಪಗಳನ್ನು ಕಾನೂನು ಒಪ್ಪುವ ಕನಿಷ್ಠ ಮಟ್ಟಕ್ಕೆ ಇಳಿಸಲಾಗುವುದೆಂದು ಪ್ರಚಾರ ಮಾಡಿದ್ದರು. ಇದು ಬರಿಯ ವ್ಯಾಪಾರದ ಉಪಾಯವಾಗಿರಲಿಲ್ಲವೆಂಬುದನ್ನು ಒಂದು ಸುಲಭ ಲೆಕ್ಕದಿಂದ ತೋರಿಸಬಹುದು. ನಮ್ಮ ಮನೆಯ ಟೆಲಿವಿಷನ್ ತೆರೆಯ ಬಿಳಿ ಭಾಗದ ಪ್ರಕಾಶ 100 ಮಾನ, ಕಪ್ಪು ಭಾಗದ್ದು 0.1 ಮಾನ ಎಂದಿಟ್ಟುಕೊಳ್ಳಿ. ಇವುಗಳ ಅನುಪಾತ 1000ಕ್ಕೆ 1. ಈಗ ಕೋಣೆಯ ಟ್ಯೂಬ್‌ಲೈಟ್ ಹಾಕಿದೆವು; ತೆರೆಯಿಂದ ಪ್ರತಿಫಲಿಸಿ ಬಂದ ಬೆಳಕು ಎಲ್ಲೆಡೆಗೂ ಕೇವಲ 1 ಮಾನವನ್ನು ಕೂಡಿಸಿತು. ಬಿಳಿ 101 ಆಯಿತು, ಕಪ್ಪು 1.1 ಆಯಿತು. ಅನುಪಾತ ಸುಮಾರು 92ಕ್ಕೆ ಇಳಿಯಿತು! ಬಿಳಿಗೆ ನೂರರಲ್ಲೊಂದು ಪಾಲು ಮಾತ್ರ ಸೇರಿತು. ಕಪ್ಪಾದರೋ ಹನ್ನೊಂದು ಪಟ್ಟಾಯಿತು. ಮದುವೆಯ ದೃಶ್ಯಕ್ಕೆ ಇದರಿಂದ ಹೆಚ್ಚೇನೂ ನಷ್ಟವಿಲ್ಲ. ಸೂಸಿಯ ಮನೆಗೆ ಇದೇ ಸರ್ವನಾಶ. ಆಗ ನೋಡುವವರು ‘ಏನೂ ಕಾಣುವುದಿಲ್ಲ’ ಎಂದು ತೆರೆಯ ಬೆಳಕನ್ನು ಹೆಚ್ಚಿಸುವರು. ಕಪ್ಪೆಲ್ಲವೂ ಬೂದಿಬಣ್ಣಕ್ಕೆ ತಿರುಗಿ, ಅಪಾಯದಲ್ಲಿರುವವಳಿಗೂ ಅಪಾಯ ತರುವವನಿಗೂ ನಡುವೆ ಕತ್ತಲೆಯು ಕಲ್ಪಿಸಿದ್ದ ಸಮಾನತೆಯೇ ಮಾಯವಾಗುವುದು. ಕಣ್ಣು ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷಗಳು ಬೇಕು. ನಡುವೆ ಮೊಬೈಲ್ ಫೋನಿನ ಕಡೆಗೆ ಒಮ್ಮೆ ನೋಡಿದರೂ ಅದರ ಬಹುಪಾಲು ವ್ಯರ್ಥ.

ಕೋಣೆ ಕತ್ತಲೆಯಾಗಿದ್ದರೆ ಸಾಲದು, ಮುದ್ರಿಕೆಯಲ್ಲಿಯೂ ಕತ್ತಲೆ ಸರಿಯಾಗಿರಬೇಕು. ಡಿವಿಡಿ ಮತ್ತು ಬ್ಲೂ-ರೇ ತಟ್ಟೆಗಳಲ್ಲಿ ಚಿತ್ರದ ಪ್ರತಿಯೊಂದು ಬಿಂದುವಿನ ಬೆಳಕನ್ನು ಒಂದು ಅಂಕಿಯಿಂದ ಬರೆದಿಡುವರು. ಅಚ್ಚ ಕಪ್ಪಿಗೆ 16, ಅಚ್ಚ ಬಿಳುಪಿಗೆ 235. ಒಟ್ಟು 220 ಮೆಟ್ಟಿಲುಗಳು. ಕಗ್ಗತ್ತಲೆಯ ದೃಶ್ಯವು ಇವುಗಳಲ್ಲಿ ತಳದ ಕೆಲವೇ ಮೆಟ್ಟಿಲುಗಳ ಮೇಲೆ ನಿಲ್ಲಬೇಕು. ಸಾಲದುದಕ್ಕೆ, ಸ್ಥಳ ಉಳಿಸಲೆಂದು ಡಿವಿಡಿಯಲ್ಲಿ ಚಿತ್ರವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಬೀಳದೆಂದು ಎಣಿಸಿದ ಸೂಕ್ಷ್ಮ ವ್ಯತ್ಯಾಸಗಳನ್ನು ಕೈಬಿಡುವರು. ರೆಫ್ರಿಜರೇಟರಿನ ಬೆಳಕು ಗೋಡೆಯ ಮೇಲೆ ಮೆಲ್ಲಮೆಲ್ಲನೆ ಮಸುಕಾಗುವ ಕಡೆ ಇರುವುದೆಲ್ಲ ಅಂತಹ ಸೂಕ್ಷ್ಮ ವ್ಯತ್ಯಾಸಗಳೇ! ಅಲ್ಲಿ ಪಟ್ಟೆಗಳೂ ಚೌಕಗಳೂ ತಲೆಹಾಕುವುವು. ಅಮೆರಿಕದ ಡಿವಿಡಿ ಚಿತ್ರದಲ್ಲಿ 720×480 ಬಿಂದುಗಳು, ಬ್ಲೂ-ರೇಯಲ್ಲಿ 1920×1080, ಅಂದರೆ ಸರಿಯಾಗಿ ಆರು ಪಟ್ಟು. ಒಂದು ಪದರದ ಡಿವಿಡಿಯಲ್ಲಿ 4.7 ಗಿಗಾಬೈಟ್ ಹಿಡಿದರೆ ಬ್ಲೂ-ರೇಯಲ್ಲಿ 25 ಹಿಡಿಯುವುದು. ಈ ಅನುಕೂಲದಿಂದ ಫಿಲ್ಮಿನ ಸಹಜವಾದ ಕಣಕಣವಾದ ಮೈಯನ್ನೂ ಉಳಿಸಿಕೊಳ್ಳಬಹುದು. ಆ ಕಣಗಳನ್ನು ಕೊಳೆಯೆಂದು ಭಾವಿಸಿ ಯಂತ್ರದಿಂದ ಒರೆಸಿಹಾಕುವವರಿದ್ದಾರೆ. ಅದು ಅವಿವೇಕವೆಂದೇ ನಮ್ಮ ಅಭಿಪ್ರಾಯ. ಕಣಗಳು ಹೋದರೆ ಮುಖಗಳು ಮೇಣದ ಗೊಂಬೆಗಳಂತಾಗುವುವು, ಅವು ಮರೆಮಾಡಿದ್ದ ಪಟ್ಟೆಗಳೂ ಬಯಲಾಗುವುವು.

ಇನ್ನು ಶಬ್ದದ ವಿಚಾರ. ಸಂಗೀತ ನಿರ್ದೇಶಕ ಹೆನ್ರಿ ಮ್ಯಾನ್ಸಿನಿ ಈ ಚಿತ್ರಕ್ಕಾಗಿ ಎರಡು ಪಿಯಾನೊಗಳನ್ನು ಕಾಲು ಸ್ವರದಷ್ಟು ಅಂತರದಲ್ಲಿ ಶ್ರುತಿ ಮಾಡಿಸಿದರು. ನಮ್ಮ ಸಂಗೀತದ ಭಾಷೆಯಲ್ಲಿ, ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ಇರುವ ಅಂತರದಲ್ಲಿ ಇದು ಸುಮಾರು ಅರ್ಧ. ಒಂದು ಪಿಯಾನೊ ಸೆಕೆಂಡಿಗೆ 440 ಬಾರಿ ಕಂಪಿಸಿದರೆ ಇನ್ನೊಂದು ಸುಮಾರು 427.5 ಬಾರಿ, ಎರಡೂ ಕೂಡಿದಾಗ ಧ್ವನಿಯು ಸೆಕೆಂಡಿಗೆ ಹನ್ನೆರಡೂವರೆ ಸಲ ಉಬ್ಬಿ ತಗ್ಗುವುದು. ತಂಬೂರಿಯ ತಂತಿಗಳು ಶ್ರುತಿಗೂಡುವ ಮುನ್ನ ಕೇಳಿಬರುವ ಅಲೆಯಾಟವೂ ಇದೇ ಜಾತಿಯದು. ಅಲ್ಲಿ ಅದು ಬೇಗನೆ ಶಮನವಾಗುವುದು, ಇಲ್ಲಿ ಆಗುವುದೇ ಇಲ್ಲ; ಕೇಳುವವನಿಗೆ ಕಳವಳವಾಗುವುದು ಅದರಿಂದಲೇ.

ಫಿಲ್ಮು ಸೆಕೆಂಡಿಗೆ 24 ಚಿತ್ರಗಳಂತೆ ಓಡುವುದು. ಭಾರತ, ಬ್ರಿಟನ್ ಮುಂತಾದ ದೇಶಗಳಲ್ಲಿದ್ದ ಪಾಲ್ ಪದ್ಧತಿಯ ಟೆಲಿವಿಷನ್ನಿಗೆ 25 ಬೇಕಾಗಿದ್ದುದರಿಂದ, ಆ ಪದ್ಧತಿಯ ಕ್ಯಾಸೆಟ್ಟು ಡಿವಿಡಿಗಳಲ್ಲಿ ಚಿತ್ರವನ್ನು ಸಾಮಾನ್ಯವಾಗಿ ತುಸು ವೇಗವಾಗಿ ಓಡಿಸುತ್ತಿದ್ದರು. 108 ನಿಮಿಷದ ಚಿತ್ರವು ಹೀಗೆ 104 ನಿಮಿಷಕ್ಕೂ ಮೊದಲೇ ಮುಗಿಯುವುದು. ಶ್ರುತಿಯನ್ನು ಬೇರೆಯಾಗಿ ಸರಿಪಡಿಸದಿದ್ದರೆ 440 ಎಂಬುದು 458 ಆಗುವುದು. ಎರಡು ಪಿಯಾನೊಗಳ ಅನುಪಾತ ಮಾತ್ರ ಕೆಡುವುದಿಲ್ಲ. ಅಲೆಯಾಟವು 13ಕ್ಕೆ ಏರುವುದು. ಬ್ಲೂ-ರೇಯಲ್ಲಿ 24ರ ವೇಗವನ್ನೇ ಇಟ್ಟುಕೊಳ್ಳಬಹುದಾದ್ದರಿಂದ ಈ ತೊಡಕಿಲ್ಲ.

ಶಬ್ದವೆಲ್ಲ ಒಂದೇ ಜಾಡಿನಲ್ಲಿ ಮುದ್ರಿತವಾದ ಕಾಲದ ಚಿತ್ರವಿದು. ಐದು ಧ್ವನಿವರ್ಧಕಗಳಿದ್ದವರು ನಡುವಿನ ಒಂದರಿಂದಲೇ ಕೇಳಿದರೆ ಸಾಕು. ಕಷ್ಟವಿರುವುದು ಸಣ್ಣ ಸದ್ದುಗಳಲ್ಲಿ. ಸೂಸಿಗೆ ಜಗತ್ತು ತಿಳಿಯುವುದೇ ಕಿವಿಯಿಂದ: ಬೂಟಿನ ಕಿರುಗುಟ್ಟು, ಬಂದವನು ಕಾರಣವಿಲ್ಲದೆ ಕಿಟಕಿಯ ಪರದೆಯನ್ನು ತೆರೆದು ಮುಚ್ಚುವ ಸಪ್ಪಳ. ಇವಕ್ಕೂ ಕೊನೆಯ ಚೀತ್ಕಾರಕ್ಕೂ ನಡುವೆ 40 ಡೆಸಿಬೆಲ್ ಅಂತರವಿದ್ದರೆ, ಗಾಳಿಯ ಒತ್ತಡದ ಏರಿಳಿತದಲ್ಲಿ ಅದು ನೂರು ಪಟ್ಟು. ಹಳೆಯ ವಿಡಿಯೊ ಕ್ಯಾಸೆಟ್ಟುಗಳಲ್ಲಿ ಪಟ್ಟಿಯ ಸುಯ್ಯೆಂಬ ಸದ್ದೇ ಇಂತಹ ಸಪ್ಪಳಗಳನ್ನು ನುಂಗುತ್ತಿತ್ತು. ಈಗಿನ ಯಂತ್ರಗಳಲ್ಲಿ ನೆರೆಯವರಿಗೆ ತೊಂದರೆಯಾಗದಿರಲೆಂದು ‘ರಾತ್ರಿಯ ಏರ್ಪಾಡು’ ಒಂದುಂಟು. ಅದು ಸಣ್ಣದನ್ನು ಹಿಗ್ಗಿಸಿ ದೊಡ್ಡದನ್ನು ಕುಗ್ಗಿಸುವುದು. ಬೂಟೂ ಚೀತ್ಕಾರವೂ ಸಮೀಪಕ್ಕೆ ಬಂದುಬಿಡುವುವು. ಅದನ್ನು ಆರಿಸಿದ ಮೇಲೂ ತಲೆಯ ಮೇಲೆ ತಿರುಗುವ ಫ್ಯಾನು ಉಳಿಯಿತು. ಈ ಒಂದು ಚಿತ್ರದ ಮಟ್ಟಿಗೆ ಅದನ್ನೂ ನಿಲ್ಲಿಸಿ, ಕೊಂಚ ಬೆವರಿದರೂ ಚಿಂತೆಯಿಲ್ಲ.